ಸೀಗಡಿ ಬೆಳ್ಳಗಾದ ಮಳೆಗಾಲ

ನಮ್ಮ ಕೆರೆಯ ಸೀಗಡಿಗೆ ರೋಗ ಬಂದ ವರ್ಷ ನಾನು ಒಬ್ಬ ಮನುಷ್ಯನ ಮೇಲೆ ಸುಳ್ಳು ಅಪವಾದ ಹೊರಿಸಿದೆ. ಹೊರಿಸುವಾಗ ಅದು ಸುಳ್ಳೆಂದು ನನಗೆ ಖಚಿತವಾಗಿ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ಮೊದಲನೆಯದಕ್ಕೆ ಏನಾದರೂ ಸಮಜಾಯಿಷಿ ಹೇಳಿಕೊಳ್ಳಬಹುದು. ಎರಡನೆಯದಕ್ಕೆ ಮೂರು ವರ್ಷ ಕಳೆದರೂ ಒಂದೂ ಸಿಕ್ಕಿಲ್ಲ.

ನರಸಿಂಹರಾಜಪುರದಿಂದ ಹಿನ್ನೀರಿನ ಕಡೆ ಹೋಗುವ ದಾರಿಯಲ್ಲಿ ನಮ್ಮ ಊರು. ನಮ್ಮ ಗದ್ದೆಗಳಲ್ಲಿ ಕೆಳಗಿನ ಒಂದು ತುಂಡು ಸದಾ ಜೌಗು. ನಟ್ಟ ಸಸಿ ಕೊಳೆಯುತ್ತಿತ್ತು, ಟಿಲ್ಲರ್ ಇಳಿಸಿದರೆ ಹೂತುಹೋಗುತ್ತಿತ್ತು. ಸಾಕಾಗಿ, ಒಂದು ಬೇಸಿಗೆಯಲ್ಲಿ ಯಜಮಾನರು ಅಲ್ಲಿ ದೊಡ್ಡ ಹೊಂಡ ತೋಡಿಸಿದರು. ಊರವರು ಅದನ್ನು ಕೆರೆ ಎಂದರು, ನಾವೂ ಹಾಗೇ ಕರೆದೆವು. ಮೊದಲು ಕಾಟ್ಲಾ, ರೋಹು ಬಿಟ್ಟೆವು. ಆಮೇಲೆ ಒಂದು ತರಬೇತಿಯಲ್ಲಿ ಸಿಹಿನೀರಿನ ಸೀಗಡಿಯ ವಿಷಯ ಕೇಳಿ ಬಂದ ನಾನು, ಅದನ್ನೇ ಸಾಕುತ್ತೇನೆಂದು ಹಟ ಹಿಡಿದೆ.

"ನಿಂಗೆ ಬೇಕಾದ್ರೆ ಮಾಡ್ಕೋ. ನನ್ನನ್ನ ಮಾತ್ರ ನೀರಿಗೆ ಇಳಿಸ್ಬೇಡ" ಎಂದು ಯಜಮಾನರು ತೋಟದ ಕಡೆ ಹೋದರು.

ನೀರಿಗೆ ನನ್ನ ಜೊತೆ ಇಳಿದವಳು ಮೇಲಿನ ಕೇರಿಯ ಒಬ್ಬಳು. ನಾವಿಬ್ಬರೂ ಒಂದೇ ವರ್ಷ ಮದುವೆಯಾಗಿ ಈ ಊರಿಗೆ ಬಂದವರು. ನಾನು ಗದ್ದೆ ತೋಟ ಇದ್ದ ಮನೆಗೆ ಬಂದೆ. ಅವಳು ಅಂಥ ತೋಟಗಳಲ್ಲಿ ಕೂಲಿ ಮಾಡುವ ಮನೆಗೆ ಬಂದಳು. ನನ್ನನ್ನು ಅಕ್ಕ ಎನ್ನುತ್ತಿದ್ದಳು. ವಯಸ್ಸಿನಲ್ಲಿ ನನಗಿಂತ ಅವಳೇ ಒಂದೆರಡು ವರ್ಷ ದೊಡ್ಡವಳಿರಬೇಕು. ಅದನ್ನು ನಾವು ಯಾವತ್ತೂ ವಿಚಾರಿಸಿಕೊಳ್ಳಲಿಲ್ಲ. ಅವಳ ಗಂಡ ಕೊನೆಗಾರ. ಅಡಿಕೆ ಕೊನೆ ತೆಗೆಯುವುದು, ಮಳೆಗಾಲದಲ್ಲಿ ಮರಕ್ಕೆ ಹತ್ತಿ ಕೊಳೆರೋಗಕ್ಕೆ ಔಷಧಿ ಹೊಡೆಯುವುದು ಅವನ ಕೆಲಸ. ಮರದಿಂದ ಮರಕ್ಕೆ ಜೀಕಿ ಹೋಗುವುದರಲ್ಲಿ ಸುತ್ತಲಿನ ಊರುಗಳಲ್ಲಿ ಅವನಷ್ಟು ಚುರುಕು ಯಾರೂ ಇರಲಿಲ್ಲ.

ಸೀಗಡಿಯ ಕೆಲಸ ಅವಳಿಗೆ ನನಗಿಂತ ಬೇಗ ಕೈಹತ್ತಿತು. ಮೇವಿನ ಜಾಲರಿ ತಟ್ಟೆ ಎತ್ತಿ, ಎಷ್ಟು ತಿಂದಿವೆ ಎಷ್ಟು ಬಿಟ್ಟಿವೆ ನೋಡಿ, ನಾಳೆ ಎಷ್ಟು ಹಾಕಬೇಕೆಂದು ಅಲ್ಲೇ ಹೇಳುತ್ತಿದ್ದಳು. ಸೀಗಡಿ ಬೆಳೆಯುವಾಗ ಹಾವಿನ ಹಾಗೆ ಪೊರೆ ಬಿಡುತ್ತದೆ. ಆಗ ಮೈ ಮೆತ್ತಗಿರುತ್ತದೆ, ಬಲವಾದವು ಅದನ್ನೇ ಹಿಡಿದು ತಿನ್ನುತ್ತವೆ. ಅಡಗಿಕೊಳ್ಳಲಿ ಎಂದು ಅವಳು ಒಡೆದ ಹಂಚು, ಹಳೇ ಪೈಪಿನ ತುಂಡು ಹೊತ್ತು ತಂದು ಕೆರೆಯ ತಳದಲ್ಲಿ ಇಟ್ಟಳು. ಒಳ್ಳೆಯ ಸೀಗಡಿಯನ್ನು ಬೆಳಕಿಗೆ ಹಿಡಿದರೆ ಅದರ ಬೆನ್ನಿನಾಚೆ ನಮ್ಮ ಬೆರಳು ಕಾಣುತ್ತದೆ. ಇದನ್ನು ತೋರಿಸಿಕೊಟ್ಟವಳೂ ಅವಳೇ. ಮೊದಲ ವರ್ಷ ನಮ್ಮ ಸೀಗಡಿ ಪೇಟೆಯ ಹೋಟೆಲಿಗೆ ಹೋಯಿತು. ಕೊಪ್ಪದಿಂದ ಬೈಕಿನಲ್ಲಿ ಜನ ಬಂದು ಕೆರೆ ದಂಡೆಯಲ್ಲೇ ಕಾದು ಕೊಂಡುಹೋದರು. ತರಬೇತಿಯವರು ನನ್ನನ್ನು ನಿಲ್ಲಿಸಿ ಫೋಟೋ ತೆಗೆದರು. ಅವಳು ಆಗ ಬಲೆ ಮಡಚುತ್ತಿದ್ದಳು. ಅವಳನ್ನೂ ಕರೆಯಬೇಕೆಂದು ನನಗೆ ಹೊಳೆಯಲಿಲ್ಲ.

ಮುಂದಿನ ವರ್ಷ ಮರಿ ಬರುವುದು ತಡವಾಯಿತು. ಕರಾವಳಿಯ ಮರಿ ಕೇಂದ್ರದವರು ಇವತ್ತು ನಾಳೆ ಎನ್ನುತ್ತಲೇ ಇದ್ದರು. ಮೇಗುಂದದ ಕಡೆ ಒಬ್ಬರು ಸೀಗಡಿ ಸಾಕಣೆ ಬಿಡುತ್ತಿದ್ದಾರೆ, ಅರ್ಧ ಬೆಳೆದ ಮರಿಗಳಿವೆ ಎಂದು ಯಾರೋ ಹೇಳಿದರು. ನಾನು ಪಿಕಪ್ ಮಾಡಿಕೊಂಡು ಹೋಗಿ ಡ್ರಮ್ಮುಗಳಲ್ಲಿ ತುಂಬಿಸಿ ತಂದೆ. ಆ ಮನುಷ್ಯ ಯಾಕೆ ಬಿಡುತ್ತಿದ್ದಾರೆಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಕೆರೆಗೆ ಬಿಡುವ ಮೊದಲು ಅವಳು ಡ್ರಮ್ಮಿಗೆ ಕೈ ಹಾಕಿ ನಾಲ್ಕಾರು ಮರಿ ಎತ್ತಿ ನೋಡಿದಳು.

"ಅಕ್ಕ, ಇವೆಂತ ಹೀಗಿದಾವೆ? ಬೆನ್ನೆಲ್ಲ ಬೆಳ್ಳಗೆ. ಬೆರಳೇ ಕಾಣಲ್ಲ."

"ಈಗಷ್ಟೇ ಪೊರೆ ಬಿಟ್ಟಿರ್ಬೇಕು."

"ಪೊರೆ ಬಿಟ್ಟಿದ್ದಕ್ಕೆ ಇಷ್ಟು ಬೆಳ್ಳಗಾಗಲ್ಲ ಅಕ್ಕ. ಎರಡು ದಿನ ಬೇರೆ ತೊಟ್ಟಿಲಿ ಇಟ್ಟು ನೋಡೋಣ."

"ಅಷ್ಟು ದೂರದಿಂದ ತಂದು ತೊಟ್ಟಿಲಿ ಇಟ್ರೆ ಅರ್ಧ ಸಾಯ್ತಾವೆ ಮಾರಾಯ್ತಿ. ಬಿಡು ನೀನು" ಎಂದೆ.

ಅವಳು ಬಿಟ್ಟಳು.

ಆಷಾಢದ ಮಳೆ ಹಿಡಿಯುವ ಹೊತ್ತಿಗೆ ಬೆಳಿಗ್ಗೆ ಬೆಳಿಗ್ಗೆ ದಂಡೆಯಲ್ಲಿ ಸತ್ತ ಸೀಗಡಿ ಕಾಣಿಸತೊಡಗಿದವು. ಮೊದಲು ಒಂದೆರಡು, ಆಮೇಲೆ ಬೊಗಸೆ ತುಂಬ. ಬದುಕಿದ್ದವೂ ಬೆಳೆಯುತ್ತಿರಲಿಲ್ಲ. ಹಿಡಿದರೆ ಕೊಸರಾಡದೆ ಅಂಗೈಯಲ್ಲಿ ಬಿದ್ದುಕೊಳ್ಳುತ್ತಿದ್ದವು. ಚಿಪ್ಪಿನೊಳಗೆ ಮಾಂಸದ ಬದಲು ಹತ್ತಿ ತುರುಕಿದ ಹಾಗಿತ್ತು. ಸತ್ತದ್ದನ್ನು ಸುಮ್ಮನೆ ಎಸೆಯುವುದು ಯಾಕೆಂದು ನಾನೇ ಒಂದು ಉಪಾಯ ಕಂಡುಕೊಂಡೆ. ಕೊಚ್ಚಿ, ಅಕ್ಕಿ ತೌಡಿಗೆ ಕಲಸಿ, ಉಳಿದವಕ್ಕೇ ಮೇವಾಗಿ ಹಾಕು ಎಂದೆ. ಅವಳು ಕತ್ತಿ ಕೈಗೆ ತೆಗೆದುಕೊಂಡಳು. "ಸತ್ತಿದ್ದನ್ನೇ ತಿನ್ಸದಾ ಅಕ್ಕ?" ಎಂದಳು. ಹೇಗೂ ಒಂದನ್ನೊಂದು ತಿನ್ನುತ್ತವಲ್ಲ, ನಾವು ಕೊಟ್ಟರೆ ಎಂತ ಎಂದೆ. ಅವಳು ಕೊಚ್ಚಿದಳು. ಸುಮಾರು ಒಂದು ತಿಂಗಳು ಹಾಗೇ ನಡೆಯಿತು.

ಅಷ್ಟರಲ್ಲಿ ಹೋಟೆಲಿನವರು ಫೋನ್ ಮಾಡಿ, ಬೇಯಿಸಿದರೆ ಸೀಗಡಿ ಮುದ್ದೆಯಾಗುತ್ತಿದೆ, ಇನ್ನು ಕಳಿಸಬೇಡಿ ಎಂದರು. ಅವತ್ತು ಸಂಜೆ ಪಕ್ಕದ ತೋಟದವರು ನಮ್ಮ ಜಗಲಿಗೆ ಬಂದು ಕೂತರು. ಅವರು ಕೇಡು ಬಯಸಿ ಬಂದವರಲ್ಲ. ಕಂಡದ್ದನ್ನು ಹೇಳಿದರು.

"ಕೊನೆಗಾರ ಮೊನ್ನೆ ನಿಮ್ಮ ಕೆರೆ ಹತ್ರ ಹಳ್ಳದಲ್ಲಿ ಔಷಧಿ ಬ್ಯಾರಲ್ ತೊಳೀತಿದ್ದ. ಮೈಲುತುತ್ತು, ಸುಣ್ಣ ಎಲ್ಲ ಇರ್ತದಲ್ಲ ಅದ್ರಲ್ಲಿ. ಸುಣ್ಣ ತಾಗಿದ್ರೆ ಬೆಳ್ಳಗಾಗದೆ ಇನ್ನೆಂತ ಆಗ್ತದೆ?"

ಎಷ್ಟು ಸಲೀಸಾಗಿ ಕೂಡಿಬಂತು ಅದು. ಸುಣ್ಣ ಬಿಳಿ, ಸೀಗಡಿ ಬಿಳಿ. ಡ್ರಮ್ಮಿನಲ್ಲಿದ್ದಾಗಲೇ ಆ ಮರಿಗಳ ಬೆನ್ನು ಬೆಳ್ಳಗಿತ್ತೆಂಬುದು ನನಗೆ ಮರೆತಿರಲಿಲ್ಲ. ಮರೆತವಳ ಹಾಗೆ ಇರುವುದು ಹಿತವಾಗಿತ್ತು, ಅಷ್ಟೆ.

ಮರುದಿನ ಬೆಳಿಗ್ಗೆ ಹಾಲಿನ ಡೈರಿಯಲ್ಲಿ ಅವನು ಸಿಕ್ಕಿದ. ಅವರ ಮನೆಯಲ್ಲಿ ಒಂದು ಹಸುವಿತ್ತು. ಎರಡು ಲೀಟರಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ. ಹತ್ತು ಹನ್ನೆರಡು ಜನ ಇದ್ದರು. ಹೆಚ್ಚಿನವರು ತೋಟದವರು, ಅವನಿಗೆ ಕೆಲಸ ಕೊಡುವವರು.

"ಬ್ಯಾರಲ್ ಎಲ್ಲಿ ತೊಳ್ದೆ ನೀನು?" ಎಂದು ಕೇಳಿದೆ.

"ಯಾವ ಬ್ಯಾರಲ್ ಅಕ್ಕ?"

"ಔಷಧಿ ಹೊಡ್ದ ಬ್ಯಾರಲ್. ಸುಣ್ಣ, ಮೈಲುತುತ್ತು ಎಲ್ಲ ನಮ್ಮ ಕೆರೆಗೆ ಬಿಟ್ಟಿದ್ದೀಯಲ್ಲ."

ಅವನು ನಕ್ಕ. ತಮಾಷೆ ಎಂದುಕೊಂಡಿರಬೇಕು. "ಹಳ್ಳದಲ್ಲಿ ತೊಳ್ದಿದ್ದು ಹೌದು. ಅದು ನಿಮ್ಮ ಕೆರೆಯಿಂದ ಕೆಳಗೆ ಅಲ್ವಾ ಅಕ್ಕ. ನೀರು ಮೇಲಕ್ಕೆ ಹತ್ತುತ್ತಾ?"

ಹಿಂದೆ ಯಾರೋ ಕಿಸಕ್ಕೆಂದರು. ಆ ನಗು ನನ್ನ ಮೇಲೆ ಎಂದುಕೊಂಡೆ. ಅವನ ಮಾತು ನಿಜವಾಗಿತ್ತು. ನಮ್ಮ ಕೆರೆಗೆ ನೀರು ಬರುವುದು ಮೇಲಿನ ಒರತೆಯಿಂದ. ಹಳ್ಳ ನಮ್ಮ ತೂಬಿನಿಂದ ಆಚೆ, ಕೆಳಗೆ ಹರಿಯುತ್ತದೆ. ಅಲ್ಲಿದ್ದವರಿಗೆಲ್ಲ ಅದು ಗೊತ್ತು. ನನಗೂ ಗೊತ್ತಿತ್ತು.

"ನೀನಲ್ದಿದ್ರೆ ನನ್ನ ಸೀಗಡಿ ಎಂತಕ್ಕೆ ಸಾಯ್ತಾವೆ? ಹೆಂಡ್ತಿ ಕೆರೇಲಿ ದುಡೀತಾಳೆ, ಗಂಡ ಅದಕ್ಕೇ ವಿಷ ಬಿಡ್ತಾನೆ" ಎಂದೆ.

ವಿಷ ಎಂಬ ಮಾತು ನನ್ನ ಬಾಯಿಂದ ಹೇಗೆ ಬಂತೋ. ಅವನು ನಗು ನಿಲ್ಲಿಸಿದ. ಒಬ್ಬೊಬ್ಬರನ್ನೇ ನೋಡಿದ, ಯಾರಾದರೂ ಏನಾದರೂ ಹೇಳುತ್ತಾರೇನೋ ಎಂದು. ಯಾರೂ ಹೇಳಲಿಲ್ಲ. ಡೈರಿಯ ಹುಡುಗಿ ಅವನ ಕ್ಯಾನು ಈಸಿಕೊಂಡು ಹಾಲು ಅಳೆದಳು. ಅವನು ಖಾಲಿ ಕ್ಯಾನು ತೆಗೆದುಕೊಂಡು ಹೋದ.

ಅವತ್ತು ಸಂಜೆ ಅವಳು ಬಂದಳು. ಮೇವು ಇಡುವ ಕೊಟ್ಟಿಗೆಯ ಬೀಗದ ಕೈ ಅವಳ ಹತ್ತಿರ ಇರುತ್ತಿತ್ತು. ಅದನ್ನು ಜಗಲಿಯ ಮೇಲಿಟ್ಟಳು.

"ನಾಳೆಯಿಂದ ಬರಲ್ಲ ಅಮ್ಮ" ಎಂದಳು.

ಹತ್ತೊಂಬತ್ತು ವರ್ಷ ಅಕ್ಕ ಎಂದವಳು. ಕೂಲಿಗೆ ಬಂದವರು ತೋಟದ ಮನೆಯ ಹೆಂಗಸರನ್ನು ಅಮ್ಮ ಎನ್ನುತ್ತಾರೆ. ಅವಳೂ ಹಾಗೆ ಎಂದಳು, ದನಿ ಏರಿಸದೆ. ಕೂತ್ಕೋ ಎನ್ನಬೇಕಿತ್ತು. ನಿನ್ನ ಗಂಡನಿಗೆ ಹೇಳಿದ್ದು, ನಿನಗಲ್ಲ ಎಂದೆ. ಅವಳು ಹೋದಳು.

ಔಷಧಿಯ ಎರಡನೇ ಸುತ್ತು ಶುರುವಾಯಿತು. ಆ ಸಲ ಅವನನ್ನು ಯಾರೂ ಕರೆಯಲಿಲ್ಲ. ಬಾಳೆಹೊನ್ನೂರು ಕಡೆಯಿಂದ ಬೇರೆ ಗುಂಪು ಬಂತು. ಬೇಡವೆಂದು ಯಾರೂ ಅವನಿಗೆ ಬಾಯಿಬಿಟ್ಟು ಹೇಳಲಿಲ್ಲ. ಫೋನ್ ಮಾಡಲಿಲ್ಲ, ಅಷ್ಟೆ. ಮಳೆ ಹೊಳವಾದ ದಿನಗಳಲ್ಲಿ ಉಳಿದವರು ಮರದ ಮೇಲಿದ್ದರೆ, ಅವನು ಬಸ್ ಸ್ಟಾಪಿನ ಕಟ್ಟೆಯ ಮೇಲೆ ಫೋನ್ ಹಿಡಿದು ಕೂತಿರುತ್ತಿದ್ದ. ನಾನು ಆ ದಾರಿಯಲ್ಲಿ ಹೋಗಬೇಕಾದಾಗ ಗದ್ದೆಯ ಅಂಚಿನಲ್ಲಿ ಬಳಸಿಕೊಂಡು ಹೋದೆ.

ವಿಷ ಬಿದ್ದದ್ದು ಹೌದೆಂದು ಒಂದು ಕಾಗದ ಕೈಯಲ್ಲಿದ್ದರೆ ನನ್ನ ಮಾತಿಗೆ ಆಧಾರ ಸಿಗುತ್ತದೆಂದು ನಾನು ಮೀನುಗಾರಿಕೆ ಇಲಾಖೆಗೆ ಅರ್ಜಿ ಕೊಟ್ಟೆ. ಸೀಗಡಿಗಳನ್ನು ಐಸಿನ ಡಬ್ಬಿಯಲ್ಲಿಟ್ಟು ಪರೀಕ್ಷೆಗೆ ಕಳಿಸಿದರು. ಕೆಲವು ವಾರದ ಮೇಲೆ, ಮದುವೆಯಾಗಿ ಹೆಚ್ಚು ದಿನವಾಗಿರದ ಒಬ್ಬ ಅಧಿಕಾರಿ ಹೆಣ್ಣುಮಗಳು ಸ್ಕೂಟರಿನಲ್ಲಿ ಬಂದಳು. ದಂಡೆಯ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಒಂದು ಸೀಗಡಿಯ ಚಿಪ್ಪು ಸುಲಿದಳು.

"ವಿಷ ಅಲ್ಲ ಮೇಡಂ ಇದು. ವಿಷ ಬಿದ್ರೆ ಎಲ್ಲ ಒಂದೇ ದಿನ ಸಾಯ್ತವೆ. ಇದು ಮೈಕ್ರೋಸ್ಪೊರಿಡಿಯಾ ಅಂತ, ಪರಾವಲಂಬಿ. ಬೂಷ್ಟಿನ ಜಾತಿಗೆ ದೂರದ ಸಂಬಂಧ. ಕಣ್ಣಿಗೆ ಕಾಣಲ್ಲ. ಸೀಗಡಿಯ ಮಾಂಸದ ಒಳಗೇ ಕೂತು ತನ್ನ ಬೀಜಕಣ ತುಂಬಿಸ್ತಾ ಹೋಗ್ತದೆ. ಈ ಬಿಳಿ ಎಲ್ಲ ಅದೇ."

"ಎಲ್ಲಿಂದ ಬರ್ತದೆ?"

"ಹೆಚ್ಚಾಗಿ ಮರಿ ಜೊತೆಗೇ ಬಂದಿರ್ತದೆ. ಆಮೇಲೆ ಸತ್ತಿದ್ದನ್ನ ಉಳಿದವು ತಿಂದು ತಿಂದು ಹರಡ್ತದೆ. ನೀವು ಸತ್ತಿದ್ದನ್ನ ತೆಗೀತಿದ್ರಿ ಅಲ್ವಾ?"

"ತೆಗೀತಿದ್ವಿ" ಎಂದೆ. ತೆಗೆದದ್ದು ನಿಜವೇ.

"ಮರಿ ಎಲ್ಲಿಂದ ತಂದ್ರಿ?"

ಮೇಗುಂದದಿಂದ ಎಂದೆ. ಅವಳು, ಅಲ್ಲಿಯ ಹೊಂಡದಲ್ಲೂ ಇದೇ ಆಗಿದೆಯೇನೋ, ವಿಚಾರಿಸುತ್ತೇನೆ ಎಂದಳು. ಔಷಧಿ ಏನು ಎಂದು ಕೇಳಿದೆ. ಇಲ್ಲ ಎಂದಳು. ಇದ್ದದ್ದನ್ನೆಲ್ಲ ಹಿಡಿದು ಹೂಳಬೇಕು, ನೀರು ಬಿಟ್ಟು ತಳ ಒಣಗಿಸಬೇಕು, ಸುಣ್ಣ ಹಾಕಬೇಕು. ಮನುಷ್ಯರಿಗೆ ಇದರಿಂದ ತೊಂದರೆಯಿಲ್ಲ ಎಂದು ಎರಡು ಸಲ ಹೇಳಿದಳು, ನನಗೆ ಸಮಾಧಾನವಾಗಲಿ ಎಂದು. ಕಾಗದ ಕೊಟ್ಟು ಸ್ಕೂಟರ್ ಹತ್ತಿ ಮೇಲಿನ ಕೇರಿಯ ದಾರಿಯಲ್ಲಿ ಹೋದಳು.

ಯಜಮಾನರು ಕಾಗದವನ್ನು ಓದಿದರು. ಪಂಚೆಯ ತುದಿಯಲ್ಲಿ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು.

"ಅವನಿಗೆ ಹೇಳ್ಬೇಕು" ಎಂದೆ.

"ಹೇಳಿ ಎಂತ ಮಾಡ್ತೀಯ ಈಗ? ಔಷಧಿ ಕಾಲ ಮುಗೀತು. ಕೊನೆ ತೆಗೆಯಕ್ಕೆ ಹೇಗೂ ಕರೀತಾರೆ, ಅವನನ್ನ ಬಿಟ್ರೆ ಯಾರಿದಾರೆ? ಜನ ತಾವಾಗೇ ಮರೀತಾರೆ. ನೀನೇ ಹೋಗಿ ಡೈರಿ ಮುಂದೆ, ನಾನೇ ರೋಗ ತಂದೆ ಅಂತ ಹೇಳ್ತೀಯ?"

ನನಗೆ ಬೇಕಾಗಿದ್ದದ್ದೂ ಆ ಮಾತೇ. ಕಾಗದವನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಬೇಸರ ಕಳೆಯಲಿ, ಒಂದು ವಾರ ಬಿಟ್ಟು ಹೋಗೋಣ ಎಂದುಕೊಂಡೆ. ವಾರದ ಮೇಲೆ ಇನ್ನೊಂದು ವಾರ ಎಂದುಕೊಂಡೆ.

ಕೆರೆಯ ತೂಬು ಬಿಚ್ಚಿದ ದಿನ ನಾನೊಬ್ಬಳೇ ಕೆಸರಿಗೆ ಇಳಿದೆ. ನೀರು ಇಳಿದಂತೆಲ್ಲ ಹಂಚಿನ ಚೂರುಗಳ ಕೆಳಗಿಂದ, ಪೈಪಿನ ತುಂಡುಗಳ ಒಳಗಿಂದ ಸೀಗಡಿಗಳು ತೆವಳುತ್ತ ಹೊರಬಂದವು. ಬುಟ್ಟಿಗೆ ತುಂಬಿದೆ. ಅವುಗಳಲ್ಲಿ ಕೆಲವು ಚೆನ್ನಾಗಿಯೇ ಇದ್ದವು, ಬೆಳಕಿಗೆ ಹಿಡಿದರೆ ಬೆರಳು ಕಾಣುತ್ತಿತ್ತು. ಅವನ್ನೂ ಬಿಡುವ ಹಾಗಿರಲಿಲ್ಲ. ಯಜಮಾನರು ಗುಂಡಿ ತೋಡಿಟ್ಟಿದ್ದರು. ಬುಟ್ಟಿ ಸುರಿದು, ಮೇಲೆ ಸುಣ್ಣ ಚೆಲ್ಲಿ, ಮತ್ತೆ ಬುಟ್ಟಿ ಸುರಿದು, ಸಂಜೆಯ ತನಕ ಅದೇ ಕೆಲಸ. ಸುಣ್ಣ ಬಿದ್ದಾಗ ಅವು ಪಟಪಟನೆ ಸಿಡಿದವು. ನನ್ನ ಕೈ ಸುಟ್ಟು ಚರ್ಮ ಎದ್ದುಬಂತು. ಅವಳಿದ್ದಿದ್ದರೆ ಮೊದಲೇ ಎಣ್ಣೆ ಹಚ್ಚಿಕೋ ಎನ್ನುತ್ತಿದ್ದಳು ಎಂದು ನೆನಪಾಯಿತು. ಹಾಗೆ ನೆನೆಯುವುದಕ್ಕೆ ನನಗೆ ಯಾವ ಹಕ್ಕಿದೆ ಎಂದೂ ಅನಿಸಿತು.

ದೀಪಾವಳಿಗೆ ಮೊದಲು ಅವರು ಊರು ಬಿಟ್ಟರು. ಶೃಂಗೇರಿಯ ಆಚೆ ಬೇಗಾರಿನಲ್ಲಿ ಅವಳ ತಮ್ಮ ಒಂದು ತೋಟದಲ್ಲಿ ಕೆಲಸಕ್ಕಿದ್ದ. ಅಲ್ಲಿಗೆ ಹೋದರು ಎಂದು ಡೈರಿಯ ಹುಡುಗಿ ಹೇಳಿದಳು. ಹಸುವನ್ನು ಕೊಟ್ಟುಬಿಟ್ಟಿದ್ದರು. ಯಜಮಾನರು ಹೇಳಿದ ಹಾಗೆ ಕೊನೆ ತೆಗೆಯುವ ಕಾಲಕ್ಕೆ ಎಲ್ಲರಿಗೂ ಅವನು ಬೇಕಾದ, ಆದರೆ ಅವನಿರಲಿಲ್ಲ. "ಹೇಳದೆ ಕೇಳದೆ ಹೋದ ನೋಡು" ಎಂದು ಅವನ ಮೇಲೆಯೇ ತಪ್ಪು ಹೊರಿಸಿ ಮಾತಾಡಿದರು.

ಮಾಘ ಮಾಸದಲ್ಲಿ ಒಂದು ದಿನ ಬೀರುವಿನಿಂದ ಕಾಗದ ತೆಗೆದುಕೊಂಡು ಹೊರಟೆ. ಕೊಪ್ಪದಲ್ಲಿ ಬಸ್ಸು ಬದಲಿಸಿ, ಶೃಂಗೇರಿಯಲ್ಲಿ ಮತ್ತೊಂದು ಹಿಡಿದು, ಮಧ್ಯಾಹ್ನದ ಹೊತ್ತಿಗೆ ಬೇಗಾರಿನಲ್ಲಿ ಇಳಿದೆ. ತೋಟದ ಕೆಳಗೆ ಕೂಲಿಯವರ ಲೈನ್ ಮನೆ. ಅವಳು ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದಳು. ನನ್ನನ್ನು ಕಂಡು ಎದ್ದು, ಸೆರಗು ಸರಿಮಾಡಿಕೊಂಡು, ಕುರ್ಚಿ ತಂದು ಹಾಕಿದಳು. ಕಾಫಿ ಮಾಡಿ ಕೊಟ್ಟಳು. ತಾನು ಮತ್ತೆ ಮೆಟ್ಟುಗತ್ತಿಯ ಮುಂದೆ ಕೂತಳು.

ಅವನೂ ಊಟಕ್ಕೆ ಬಂದ. ತೋಟ ಹೇಗಿದೆ, ಈ ಸಲ ಕೊಳೆಗೆ ಎಷ್ಟು ಹೋಯ್ತು ಎಂದೆಲ್ಲ ಕೇಳಿದ. ನಾನು ಕಾಗದ ತೆಗೆದು, ಸೀಗಡಿಗೆ ರೋಗ ಬಂದಿತ್ತು, ನಾನು ತಂದ ಮರಿಯಲ್ಲೇ ಇತ್ತು, ನಿನ್ನದೇನೂ ತಪ್ಪಿರಲಿಲ್ಲ ಎಂದೆ. ಅವನು ಕಾಗದವನ್ನು ಕೈಗೆ ತೆಗೆದುಕೊಳ್ಳಲಿಲ್ಲ. "ಆಯ್ತಲ್ಲ ಬಿಡಿ. ನಂಗೆ ಗೊತ್ತೇ ಇತ್ತು, ನಾನು ಬಿಟ್ಟಿಲ್ಲ ಅಂತ" ಎಂದು ಕೈ ತೊಳೆಯಲು ಹೋದ.

ಅವಳು ತಲೆ ಎತ್ತದೆ ಹೇಳಿದಳು. "ನಂಗೂ ಗೊತ್ತಿತ್ತು. ಅವತ್ತೇ ಗೊತ್ತಾಯ್ತು."

"ಯಾವತ್ತು?"

"ಆ ಸ್ಕೂಟರಿನ ಮೇಡಂ ನಮ್ಮ ಕೇರೀಲಿ ಬಂದ್ರಲ್ಲ, ಅವತ್ತು. ಕೆರೇಲಿ ಕೆಲಸ ಮಾಡೋಳು ನೀನೇನಾ ಅಂತ ಕೇಳಿದ್ರು. ರೋಗ ಅದು, ಸತ್ತಿದ್ದನ್ನ ವಾಪಸ್ ಹಾಕ್ಬೇಡಿ ಅಂತ ಎಲ್ಲ ಬಿಡಿಸಿ ಹೇಳಿದ್ರು."

ನನ್ನ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಲೆಕ್ಕ ಹಾಕಿದರೆ ಅವರು ಊರು ಬಿಡುವುದಕ್ಕೆ ಒಂದೂವರೆ ತಿಂಗಳು ಮೊದಲು.

"ಮತ್ತೆ ಬಂದು ಹೇಳ್ಬಾರ್ದಿತ್ತಾ ಮಾರಾಯ್ತಿ? ಊರಲ್ಲಾದ್ರೂ ಹೇಳ್ಬಹುದಿತ್ತಲ್ಲ?"

"ಊರಲ್ಲಿ ಹೇಳ್ದೆ. ಡೈರೀಲಿ ಹೇಳ್ದೆ, ರೇಷನ್ ಅಂಗಡೀಲಿ ಹೇಳ್ದೆ. ಗಂಡನ್ನ ಉಳಿಸ್ಕೊಳ್ಳಕ್ಕೆ ಹೇಳ್ತಾಳೆ ಅಂದ್ರು. ನೀವು ಹೇಳಿದ್ದನ್ನ ಒಂದೇ ಸಲಕ್ಕೆ ನಂಬಿದ್ರಲ್ಲ, ಅದಕ್ಕೆ ನೀವೇ ಬಂದು ಹೇಳ್ಲಿ ಅಂತ ಕಾದೆ. ನಿಮ್ಮ ಕೈಯಲ್ಲಿ ಕಾಗದ ಇತ್ತು. ದಿನಾ ಸಂಜೆ ಬಾಗಿಲಲ್ಲಿ ಕೂರ್ತಿದ್ದೆ. ಇವತ್ತು ಬರ್ತಾರೆ, ಇವತ್ತು ಬರ್ತಾರೆ ಅಂತ."

ಅವಳ ಕೈ ನಿಲ್ಲಲಿಲ್ಲ. ಒಂದು ಅಡಿಕೆ, ಇನ್ನೊಂದು ಅಡಿಕೆ. ನಾನು ಅತ್ತೆ. ಅವಳು ಅಳಲಿಲ್ಲ, ಅಳಬೇಡಿ ಎಂದೂ ಹೇಳಲಿಲ್ಲ.

ಹೊರಟಾಗ ರಸ್ತೆಯ ತನಕ ಕಳಿಸಲು ಬಂದಳು. ಅದು ಅವಳ ಮರ್ಯಾದೆ. ಬಸ್ಸು ತಿರುವಿನಲ್ಲಿ ಕಾಣಿಸಿದಾಗ, "ಅಮ್ಮ, ಇನ್ನು ಬರ್ಬೇಡಿ" ಎಂದಳು. "ಇಲ್ಲಿ ಯಾರಿಗೂ ಆ ವಿಷಯ ಗೊತ್ತಿಲ್ಲ. ನೀವು ಬಂದ್ರೆ ಯಾರು, ಎಂತಕ್ಕೆ ಬಂದ್ರು ಅಂತ ಕೇಳ್ತಾರೆ." ನಾನು ಹೂಂ ಎಂದೆ. ಹತ್ತಿ ಕೂತ ಮೇಲೆ ಕಿಟಕಿಯಿಂದ ನೋಡಿದರೆ ಅವಳು ಆಗಲೇ ತಿರುಗಿ ಹೋಗುತ್ತಿದ್ದಳು.

ಮರುದಿನ ಬೆಳಿಗ್ಗೆ ಡೈರಿಗೆ ಹೋದೆ. ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದೆ: ಅದು ವಿಷವಲ್ಲ, ರೋಗ, ಅದನ್ನು ತಂದವಳು ನಾನು, ಸತ್ತದ್ದನ್ನು ತಿನ್ನಿಸಿ ಬೆಳೆಸಿದವಳೂ ನಾನು, ಕೊನೆಗಾರನ ಮೇಲೆ ಸುಳ್ಳು ಹೇಳಿದೆ. ಕಾಗದವನ್ನು ತೋರಿಸಿದೆ. ಇಬ್ಬರು ಅದನ್ನು ಈಸಿಕೊಂಡು, ಕೈಯಳತೆ ದೂರ ಹಿಡಿದು ನೋಡಿ ವಾಪಸ್ಸು ಕೊಟ್ಟರು. ಹೌದಾ ಎಂದರು. ಈಗ ಎಂತೆಂತ ರೋಗ ಬರ್ತಾವೆ ಮಾರಾಯ ಎಂದು ಒಬ್ಬರು, ತಮ್ಮ ಕಾಳುಮೆಣಸಿನ ಬಳ್ಳಿ ಒಣಗಿದ ಕತೆ ತೆಗೆದರು. ಮಾತು ಅತ್ತ ಹೋಯಿತು.

ಪಕ್ಕದ ತೋಟದವರು ಮಾತ್ರ ನನ್ನ ಜೊತೆ ಮನೆಯ ದಾರಿಯಲ್ಲಿ ಸ್ವಲ್ಪ ದೂರ ನಡೆದು ಬಂದರು. ಏನೋ ಹೇಳಬೇಕೆಂದಿದ್ದಾರೆ ಅನಿಸಿತು. ಅವರಿಗೂ ನನ್ನ ಹಾಗೆ ಪಶ್ಚಾತ್ತಾಪ ಆಗಿರಬಹುದು ಎಂದುಕೊಂಡೆ. ಗೇಟಿನ ಹತ್ತಿರ ನಿಂತು ಹೇಳಿದರು.

"ಆದ್ರೂ ಅವನು ಆ ಬ್ಯಾರಲ್ ಅಲ್ಲಿ ತೊಳೀಬಾರ್ದಿತ್ತು ಬಿಡಿ."